ಚೀಲದ ಮೇಲಿನ ಆಫ್ರಿಕಾ ಯಾವ ಊರಿನದು?

ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಈ ಚೀಲವನ್ನು ಸ್ವಲ್ಪ ಎತ್ತಿ ಹಿಡಿಯುತ್ತೇನೆ. ಕೋರಾ ಬಟ್ಟೆ, ಎರಡು ಉದ್ದನೆಯ ಹಿಡಿ, ಜಿಪ್ ಇಲ್ಲ. ಟೋಟ್ ಬ್ಯಾಗ್ ಅಂತಾರಲ್ಲ, ಅದೇ. ಮಧ್ಯದಲ್ಲಿ ಆಫ್ರಿಕಾದ ನಕ್ಷೆ. ನಕ್ಷೆಯ ಒಳಗೆ ನಾಲ್ಕು ಚಿತ್ರ. ಮೇಲೆ ಮೂರು ಪಿರಮಿಡ್ಡು. ಎಡಕ್ಕೆ ಒಬ್ಬ ಹೆಂಗಸಿನ ಮುಖ. ಕೆಳಗೆ ನೆಟ್ಟಗೆ ಕೂತ ಒಂದು ಹಕ್ಕಿ, ಅದರ ಪಕ್ಕ ಕತ್ತು ಹಿಂದಕ್ಕೆ ತಿರುಗಿಸಿದ ಇನ್ನೊಂದು ಹಕ್ಕಿ. ಸುತ್ತಲೂ ಬಣ್ಣಬಣ್ಣದ ಅಂಚು. ಎಲ್ಲದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಪ್ರಾಚೀನ ಆಫ್ರಿಕಾದ ಪರಂಪರೆ ಅಂತ ಬರೆದಿದೆ.

ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವುದು ನನ್ನ ಕಸುಬು. ಹಾಗಾಗಿ ಯಾರಾದರೂ ಎದುರು ಬಂದರೆ ಅವರ ಮುಖಕ್ಕಿಂತ ಮೊದಲು ಕೈಯಲ್ಲಿರುವ ಚೀಲ ನೋಡುವ ಚಾಳಿ. ಈ ಚೀಲ ನನಗೆ ಇಷ್ಟ. ಪ್ರಿಂಟ್ ಚೆನ್ನಾಗಿ ಬಂದಿದೆ, ಬಣ್ಣ ಬಿಟ್ಟಿಲ್ಲ. ಒಂದೇ ತಕರಾರು. ನಾಲ್ಕು ಚಿತ್ರಗಳಿವೆ, ಒಂದಕ್ಕೂ ಹೆಸರಿಲ್ಲ. ಊರಿಲ್ಲ, ಕಾಲವೂ ಇಲ್ಲ. ಏಷ್ಯಾದ ನಕ್ಷೆ ಬರೆದು, ಅದರೊಳಗೆ ನಮ್ಮ ಗೊಮ್ಮಟನನ್ನೂ ಚೀನಾದ ಗೋಡೆಯನ್ನೂ ಅಂಕೋರ್ ವಾಟ್ ದೇವಸ್ಥಾನವನ್ನೂ ತುಂಬಿ, ಕೆಳಗೆ 'ಪ್ರಾಚೀನ ಏಷ್ಯಾ' ಅಂತ ಬರೆದು ಕೊಟ್ಟರೆ ನೀವು ಸುಮ್ನೆ ಇರ್ತೀರಾ? ಇದು ಶ್ರವಣಬೆಳಗೊಳದ್ದು ಕಣ್ರೀ, ಹೆಸರು ಹಾಕಿ ಅಂತೀರಿ ಅಲ್ವಾ. ಆಫ್ರಿಕಾದಲ್ಲಿ 54 ದೇಶಗಳಿವೆ. ಈ ನಾಲ್ಕು ಚಿತ್ರಗಳ ಊರುಗಳು ಒಂದಕ್ಕೊಂದು ನೂರಾರು, ಸಾವಿರಾರು ಕಿಲೋಮೀಟರ್ ದೂರ. ಅವುಗಳ ಕಾಲವೂ ಹಾಗೇ ದೂರ ದೂರ. ಇವತ್ತು ನಾನು ಮಾಡುವುದು ಇಷ್ಟೇ. ಒಂದೊಂದು ಚಿತ್ರವನ್ನೂ ಅದರ ಊರಿಗೆ ಕಳಿಸಿಕೊಡುತ್ತೇನೆ.

ಪಿರಮಿಡ್ಡಿನಿಂದ ಶುರು ಮಾಡೋಣ. ಇದನ್ನು ತೋರಿಸಿದ ಕೂಡಲೇ ಎಲ್ಲರೂ ಈಜಿಪ್ಟ್ ಅಂತಾರೆ. ಸ್ವಲ್ಪ ಹತ್ತಿರದಿಂದ ನೋಡಿ. ಗೀಜಾದ ಪಿರಮಿಡ್ಡಿನ ಇಳಿಜಾರು ಸುಮಾರು 52 ಡಿಗ್ರಿ. ಇಲ್ಲಿರುವುದು ಅದಕ್ಕಿಂತ ತುಂಬ ಕಡಿದು, 70 ಡಿಗ್ರಿಯ ಹತ್ತಿರ. ಬುಡದಲ್ಲಿ ಒಂದು ಪುಟ್ಟ ಗುಡಿಯ ಬಾಗಿಲು ಕಾಣುತ್ತದೆ. ಚಿತ್ರ ಬರೆದವರು ಇದನ್ನು ಎಲ್ಲಿಂದ ತೆಗೆದುಕೊಂಡರು ಅಂತ ಸಂಶಯವೇ ಬೇಡ. ಇದು ಮೆರೊಯೆ. ಸುಡಾನ್ ದೇಶದಲ್ಲಿ, ಖಾರ್ತೂಮಿನಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್, ನೈಲ್ ನದಿಯ ಪೂರ್ವ ದಡದ ಕಡೆ. ಕುಶ್ ಎಂಬ ರಾಜ್ಯದ ರಾಜಧಾನಿ ಅದು. ಸುಡಾನಿನಲ್ಲಿ 200ಕ್ಕೂ ಹೆಚ್ಚು ಪಿರಮಿಡ್ಡುಗಳಿವೆ, ಈಜಿಪ್ಟಿಗಿಂತ ಜಾಸ್ತಿ. ಗಾತ್ರದಲ್ಲಿ ಚಿಕ್ಕವು, ಅಷ್ಟೇ. ಈ ಕುಶ್‌ನ ದೊರೆಗಳೇ ಕ್ರಿಸ್ತಪೂರ್ವ 8ನೇ ಮತ್ತು 7ನೇ ಶತಮಾನದಲ್ಲಿ ಈಜಿಪ್ಟನ್ನೂ ಆಳಿದರು. ಅಲ್ಲಿನ 25ನೇ ರಾಜವಂಶ ಅಂದರೆ ಇವರದ್ದೇ. ಪಿಯೆ, ತಹರ್ಕ ಎಂಬ ಈ ದೊರೆಗಳ ಹೆಸರುಗಳನ್ನು ನಮ್ಮ ಶಾಲೆಯ ಪುಸ್ತಕದಲ್ಲಿ ನಾನಂತೂ ನೋಡಿದ ನೆನಪಿಲ್ಲ.

ಚೀಲದ ಮೇಲೆ ಪಿರಮಿಡ್ಡುಗಳ ತುದಿ ಚೂಪಾಗಿದೆ. ಮೆರೊಯೆಯ ಫೋಟೋಗಳನ್ನು ನೋಡಿದರೆ ಹಲವಕ್ಕೆ ತುದಿಯೇ ಇಲ್ಲ. 1834ರಲ್ಲಿ ಜುಸೆಪ್ಪೆ ಫೆರ್ಲೀನಿ ಎಂಬ ಇಟಲಿಯ ವೈದ್ಯ ನಿಧಿ ಹುಡುಕಿಕೊಂಡು ಅಲ್ಲಿಗೆ ಹೋದ. ಮೇಲಿನಿಂದ ಕೆಡವುತ್ತಾ ಬಂದ. ಅಮಾನಿಶಖೇತೊ ಎಂಬ ರಾಣಿಯ ಪಿರಮಿಡ್ಡಿನಲ್ಲಿ ಅವನಿಗೆ ನಿಜವಾಗಿಯೂ ಚಿನ್ನ ಸಿಕ್ಕಿತು. ಆ ಬಳೆ, ಉಂಗುರ, ಕೊರಳ ಸರಗಳು ಈಗ ಬರ್ಲಿನ್ ಮತ್ತು ಮ್ಯೂನಿಕ್‌ನ ವಸ್ತುಸಂಗ್ರಹಾಲಯಗಳಲ್ಲಿವೆ. ಚಿತ್ರಗಾರರು ತುದಿ ಮತ್ತೆ ಕಟ್ಟಿಕೊಟ್ಟಿದ್ದಾರೆ. ತಪ್ಪು ಅನ್ನುವುದಿಲ್ಲ. ಆದರೆ ಆ ಮುರಿದ ತುದಿಯೂ ಈಗ ಅದರ ಚರಿತ್ರೆಯೇ ತಾನೇ.

ಮೆರೊಯೆಯ ರಾಣಿಯರ ವಿಷಯ ಬಂತು, ಒಂದು ಕತೆ ಹೇಳದೆ ಮುಂದೆ ಹೋಗಲಾರೆ. ರಾಣಿ ಅಥವಾ ರಾಜಮಾತೆಗೆ ಅಲ್ಲಿ ಕಂದಕೆ ಎಂಬ ಬಿರುದು. ರೋಮಿನ ಚಕ್ರವರ್ತಿ ಅಗಸ್ಟಸ್ ಈಜಿಪ್ಟನ್ನು ವಶ ಮಾಡಿಕೊಂಡ ಮೇಲೆ ಕುಶ್‌ನವರು ದಕ್ಷಿಣದಿಂದ ನುಗ್ಗಿ ಅವನ ಪ್ರತಿಮೆಗಳನ್ನು ಹೊತ್ತೊಯ್ದರು. ಆ ಕಾಲದ ಭೂಗೋಳಕಾರ ಸ್ಟ್ರಾಬೊ ಆ ರಾಣಿಯ ಬಗ್ಗೆ ಬರೆಯುತ್ತಾ, ಗಂಡಸಿನಂಥ ಹೆಂಗಸು, ಒಂದು ಕಣ್ಣು ಕುರುಡು ಅನ್ನುತ್ತಾನೆ. ಅವಳು ಅಮಾನಿರೆನಾಸ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. 1910ರಲ್ಲಿ ಮೆರೊಯೆಯ ಉತ್ಖನನದಲ್ಲಿ ಅಗಸ್ಟಸ್‌ನ ಕಂಚಿನ ತಲೆ ಸಿಕ್ಕಿತು. ಎಲ್ಲಿ ಸಿಕ್ಕಿತು ಗೊತ್ತಾ? ಗುಡಿಯೊಂದರ ಮೆಟ್ಟಿಲಿನ ಕೆಳಗೆ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ರೋಮಿನ ಚಕ್ರವರ್ತಿಯ ತಲೆ ತುಳಿದೇ ಓಡಾಡಬೇಕು. ನೆಲದಲ್ಲಿ ಹುಗಿದಿದ್ದರಿಂದಲೇ ಅದು ಕಣ್ಣಿನ ಗಾಜಿನ ಸಮೇತ ಚೆನ್ನಾಗಿ ಉಳಿಯಿತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚೀಲ ಮಾಡುವವರು ಯಾರಾದರೂ ಈ ಸಭೆಯಲ್ಲಿದ್ದರೆ ಹೇಳುತ್ತೇನೆ, ಮೂರು ಪಿರಮಿಡ್ಡಿಗಿಂತ ಈ ಮೆಟ್ಟಿಲು ಒಳ್ಳೆಯ ಡಿಸೈನು.

ಇನ್ನೊಂದು ವಿಷಯ, ಇದು ಬಟ್ಟೆಯವರಿಗೆ ಸೇರಿದ್ದು. ಎಲ್ಲರೂ ಚೀಲದ ಮೇಲಿನ ಚಿತ್ರ ನೋಡುತ್ತಾರೆ, ಬಟ್ಟೆಯನ್ನು ಯಾರೂ ನೋಡುವುದಿಲ್ಲ. ಇದು ಹತ್ತಿ. ಮೆರೊಯೆಯವರು ಹತ್ತಿ ಬೆಳೆದು, ನೂತು, ನೇಯ್ದವರು. ಅಲ್ಲಿನ ಸಮಾಧಿಗಳಲ್ಲಿ ಹತ್ತಿ ಬಟ್ಟೆಯ ತುಂಡುಗಳು ಸಿಕ್ಕಿವೆ. 4ನೇ ಶತಮಾನದಲ್ಲಿ ಇಥಿಯೋಪಿಯಾದ ಅಕ್ಸುಮ್ ರಾಜ್ಯದ ದೊರೆ ಎಜಾನ ಆ ಕಡೆ ದಂಡೆತ್ತಿ ಹೋದ. ತನ್ನ ಶಾಸನದಲ್ಲಿ ಏನೇನು ಹಾಳು ಮಾಡಿದೆ ಅಂತ ಪಟ್ಟಿ ಹಾಕಿಸಿದ್ದಾನೆ. ಅದರಲ್ಲಿ ಧಾನ್ಯದ ಕಣಜದ ಜೊತೆ ಹತ್ತಿಯ ದಾಸ್ತಾನೂ ಬರುತ್ತದೆ. ಸೈನಿಕರು ಅದನ್ನೆಲ್ಲ ನದಿಗೆ ಎಸೆದರಂತೆ. ಶತ್ರುವಿನ ಶಾಸನವೇ ನಮಗೆ ಸಾಕ್ಷಿ. ಅಂದಮೇಲೆ ಚಿತ್ರ ಒಂದೂ ಇಲ್ಲದ ಬರೀ ಹತ್ತಿಯ ಚೀಲವೂ ಪ್ರಾಚೀನ ಸುಡಾನನ್ನು ಅಷ್ಟಿಷ್ಟು ನೆನಪಿಸಬಹುದು.

ಧಾನ್ಯ ಅಂದೆ. ಆ ಸೀಮೆಯ ಮುಖ್ಯ ಧಾನ್ಯ ಯಾವುದು ಗೊತ್ತಾ? ಜೋಳ. ನಮ್ಮ ವಿಜಯಪುರ, ಕಲಬುರಗಿ ಕಡೆಯ ರೊಟ್ಟಿಯ ಜೋಳವೇ. ಅದನ್ನು ಮನುಷ್ಯ ಮೊದಲು ಬೆಳೆಗೆ ಒಗ್ಗಿಸಿದ ಕುರುಹುಗಳು ಪೂರ್ವ ಸುಡಾನಿನಲ್ಲಿ ಸಿಕ್ಕಿವೆ. ಜೆಬೆಲ್ ಕೈಲಿ ಎಂಬಲ್ಲಿ ಬಂಡೆಯ ಮೇಲೆ ಕುಶ್‌ನ ದೊರೆಯೊಬ್ಬನ ಕೆತ್ತನೆ ಇದೆ. ಸೂರ್ಯದೇವ ಅವನಿಗೆ ಜೋಳದ ತೆನೆ ಕೊಡುತ್ತಿದ್ದಾನೆ. ರಾಗಿಯೂ ಪೂರ್ವ ಆಫ್ರಿಕಾದಿಂದಲೇ ಬಂದಿದ್ದು. ಹೇಗೆ ಬಂತು, ಯಾರು ತಂದರು ಅನ್ನುವುದು ಬೇರೆಯದೇ ಉಪನ್ಯಾಸ, ಇವತ್ತು ಬೇಡ.

ಮೆರೊಯೆ 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಯಿತು. ಖಾರ್ತೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಪ್ರಾಚೀನ ಅಂತ ಬರೆದುಬಿಟ್ಟರೆ ಇದೆಲ್ಲ ಮುಗಿದ ಕತೆ ಅನ್ನಿಸಿಬಿಡುತ್ತದೆ. ಮುಗಿದಿಲ್ಲ.

ಈಗ ಎಡಗಡೆಯ ಮುಖ. ಇದನ್ನು ನೀವು ಟಿ-ಶರ್ಟಿನ ಮೇಲೆ, ಕಿವಿಯೋಲೆಯ ಮೇಲೆ ನೋಡಿರುತ್ತೀರಿ. ಇವಳು ಇಡಿಯಾ. ಬೆನಿನ್ ರಾಜ್ಯದ ರಾಜಮಾತೆ, 16ನೇ ಶತಮಾನದ ಮೊದಲ ಭಾಗದಲ್ಲಿ ಆಳಿದ ಒಬಾ ಎಸಿಗೀಯ ತಾಯಿ. ಒಬಾ ಅಂದರೆ ಅಲ್ಲಿನ ಅರಸ. ಒಂದು ಎಚ್ಚರಿಕೆ, ಬೆನಿನ್ ಅಂತ ನಕ್ಷೆಯಲ್ಲಿ ಒಂದು ದೇಶ ಇದೆಯಲ್ಲ, ಅದಲ್ಲ. ಅದಕ್ಕೆ 1975ರವರೆಗೆ ದಹೋಮಿ ಅಂತಿತ್ತು. ನಾನು ಹೇಳುತ್ತಿರುವ ಬೆನಿನ್ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ಸಿಟಿ. ಇಂಥ ಗೊಂದಲ ಆಗುವುದಕ್ಕೇ ಹೆಸರು ಬೇಕು ಅನ್ನುವುದು.

ಮುಖವಾಡ ಅಂತ ಕರೆದರೂ ಇದನ್ನು ಮುಖಕ್ಕೆ ಹಾಕಿಕೊಳ್ಳಲು ಆಗುವುದಿಲ್ಲ. ಎತ್ತರ ಸುಮಾರು 24 ಸೆಂಟಿಮೀಟರ್, ಆನೆಯ ದಂತದಲ್ಲಿ ಕೆತ್ತಿದ್ದು. ಆಚರಣೆಯ ದಿನ ಒಬಾ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಅಂತ ತಿಳಿದವರು ಹೇಳುತ್ತಾರೆ. ತಲೆಯ ಮೇಲೆ ಕಿರೀಟದ ಹಾಗೆ ಒಂದು ಸಾಲು ಇದೆ ನೋಡಿ. ಈ ಚೀಲದಲ್ಲಿ ಬರೀ ಗುಂಡುಗುಂಡು ಚುಕ್ಕೆಗಳು. ಮೂಲದಲ್ಲಿ ಅವು ಪುಟ್ಟ ಪುಟ್ಟ ಗಡ್ಡದ ಮುಖಗಳು. ಯಾರ ಮುಖ? ಪೋರ್ಚುಗೀಸರದ್ದು. ಸಮುದ್ರದ ಆಚೆಯಿಂದ ವ್ಯಾಪಾರಕ್ಕೆ ಬಂದವರನ್ನು ಬೆನಿನ್ನಿನ ಕಲಾವಿದ ರಾಜಮಾತೆಯ ಮುಡಿಗೆ ಅಲಂಕಾರ ಮಾಡಿಟ್ಟ.

ಆ ಗಡ್ಡ ಎಲ್ಲಿ ಹೋಯಿತು ಅಂತ ನಾನು ಹೇಳಬಲ್ಲೆ, ನನ್ನ ಕೆಲಸವೇ ಅದು. ಸ್ಕ್ರೀನಿನ ಜಾಲಿಯ ಮೂಲಕ ಬಣ್ಣ ಇಳಿಯಬೇಕು. ಕೆಳಗಿನ ಬಟ್ಟೆ ಒರಟಾದಷ್ಟೂ ತೆಳು ಗೆರೆ ನಿಲ್ಲುವುದಿಲ್ಲ. ಎರಡು ಗೆರೆಗಳ ನಡುವಿನ ಸಂದು ಬಣ್ಣದಿಂದ ತುಂಬಿಹೋಗುತ್ತದೆ. ಅದಕ್ಕೇ ಡಿಸೈನ್ ಮಾಡುವವರು ಮೊದಲೇ ಸಣ್ಣ ವಿವರಗಳನ್ನು ಕತ್ತರಿಸುತ್ತಾರೆ. ಕಣ್ಣು, ಮೂಗು, ತುಟಿ ಉಳಿಸಿಕೊಳ್ಳುತ್ತಾರೆ, ಉಳಿದದ್ದು ಹೋಗುತ್ತದೆ. ಇಲ್ಲಿ ಹೋಗಿದ್ದು ಏನು? ಪೋರ್ಚುಗೀಸರು. ಅವರ ಜೊತೆ ಇಡೀ ಕಾಲವೇ ಹೋಯಿತು. ಆ ಗಡ್ಡಗಳು ಇದ್ದಿದ್ದರೆ ಇದನ್ನು ಪ್ರಾಚೀನ ಅಂತ ಯಾರೂ ಬರೆಯುತ್ತಿರಲಿಲ್ಲ. ಎಸಿಗೀ ಬೆನಿನ್ನಿನಲ್ಲಿ ಆಳುತ್ತಿದ್ದಾಗಲೇ ಹಂಪಿಯಲ್ಲಿ ಕೃಷ್ಣದೇವರಾಯ ಇದ್ದ. ಅಲ್ಲಿಗೂ ಪೋರ್ಚುಗೀಸರು ಬಂದರು, ಇಲ್ಲಿಗೆ ಕುದುರೆ ಮಾರಲೂ ಅವರೇ ಬಂದರು. ಕೃಷ್ಣದೇವರಾಯನನ್ನು ನಾವು ಪ್ರಾಚೀನ ಅನ್ನುವುದಿಲ್ಲ. ಆಫ್ರಿಕಾ ಅಂದಕೂಡಲೇ ಎಲ್ಲವೂ ಯಾಕೆ ಪ್ರಾಚೀನ ಆಗಿಬಿಡುತ್ತದೆ?

1897ರಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ನಗರಕ್ಕೆ ನುಗ್ಗಿತು. ಅರಮನೆ ದೋಚಿದರು, ಊರು ಸುಟ್ಟುಹೋಯಿತು, ಒಬಾ ಒವೊನ್ರಾಮ್ವೆನ್‌ನನ್ನು ಕಾಲಾಬಾರ್‌ಗೆ ಗಡೀಪಾರು ಮಾಡಿದರು. ಸಾವಿರಾರು ಲೋಹದ ಫಲಕಗಳು, ತಲೆಗಳು, ದಂತದ ಕೆತ್ತನೆಗಳು ಹಡಗು ಹತ್ತಿದವು. ಇಡಿಯಾಳ ಒಂದು ಮುಖ ಬ್ರಿಟಿಷ್ ಮ್ಯೂಸಿಯಂ ಸೇರಿತು, ಹೆಚ್ಚುಕಡಿಮೆ ಅದೇ ತರಹದ ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಮುಂದಿನದು ಕೇಳಿ. 1977ರಲ್ಲಿ ಲಾಗೋಸ್‌ನಲ್ಲಿ ಫೆಸ್ಟಾಕ್ ಎಂಬ ದೊಡ್ಡ ಹಬ್ಬ ನಡೆಯಿತು. ಆಫ್ರಿಕಾದ, ಆಫ್ರಿಕಾ ಮೂಲದ ಕಲಾವಿದರೆಲ್ಲ ಸೇರಿದ ಹಬ್ಬ. ಇಡಿಯಾಳ ಮುಖವೇ ಅದರ ಲಾಂಛನ. ಹಬ್ಬದ ಮಟ್ಟಿಗಾದರೂ ಮೂಲವನ್ನು ಕಳಿಸಿಕೊಡಿ ಅಂತ ನೈಜೀರಿಯಾ ಕೇಳಿತು. ಬ್ರಿಟಿಷ್ ಮ್ಯೂಸಿಯಂ ಕೊಡಲಿಲ್ಲ. ಆಗ ಬೆನಿನ್ನಿನ ಕೆತ್ತನೆಗಾರರೇ ಹೊಸದೊಂದನ್ನು ದಂತದಲ್ಲಿ ಕೆತ್ತಿದರು. ಆ ಮುಖ ಅಂಚೆಚೀಟಿಗೆ ಬಂತು, ಬಟ್ಟೆಗೆ ಬಂತು, ಪೋಸ್ಟರಿಗೆ ಬಂತು. ವಸ್ತು ಬರಲಿಲ್ಲ, ಚಿತ್ರ ಬಂತು. ಅದಕ್ಕೇ ನಾನು ಚೀಲದ ಮೇಲಿನ ಮುಖವನ್ನು ಬರೀ ಫ್ಯಾಷನ್ ಅಂತ ತಳ್ಳಿಹಾಕುವುದಿಲ್ಲ. ಯಾರು ಮೂಲವನ್ನು ಕಳೆದುಕೊಂಡರೋ ಅವರಿಗೆ ಪ್ರಿಂಟ್ ಅನ್ನುವುದು ಹಟದ ವಿಷಯವೂ ಆಗಿತ್ತು. 2022ರಲ್ಲಿ ಜರ್ಮನಿ ತನ್ನಲ್ಲಿದ್ದ ಬೆನಿನ್ ಕೃತಿಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. 2025ರಲ್ಲಿ ನೆದರ್‌ಲೆಂಡ್ಸ್ 119 ವಸ್ತುಗಳನ್ನು ವಾಪಸ್ ಕೊಟ್ಟಿತು. ಲಂಡನ್ನಿನ ಮುಖ ಇನ್ನೂ ಲಂಡನ್ನಿನಲ್ಲೇ ಇದೆ.

ನೆಟ್ಟಗೆ ಕೂತ ಹಕ್ಕಿಗೆ ಬರೋಣ. ಇದರ ಊರು ಗ್ರೇಟ್ ಜಿಂಬಾಬ್ವೆ, ಈಗಿನ ಜಿಂಬಾಬ್ವೆ ದೇಶದಲ್ಲಿರುವ ಹಾಳೂರು. ಅಲ್ಲಿ ಗಾರೆ ಇಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳಿವೆ. ದೊಡ್ಡ ಆವರಣದ ಗೋಡೆ ಕೆಲವು ಕಡೆ 11 ಮೀಟರ್ ಎತ್ತರ. ಶೋನಾ ಜನರ ಪೂರ್ವಜರು 11ರಿಂದ 15ನೇ ಶತಮಾನದ ಅವಧಿಯಲ್ಲಿ ಕಟ್ಟಿದ ನಗರ. ಅಲ್ಲಿ ಬಳಪದ ಕಲ್ಲಿನ ಎಂಟು ಹಕ್ಕಿಗಳು ಸಿಕ್ಕಿದವು. ಚೀನಾದ ಪಿಂಗಾಣಿಯ ಚೂರುಗಳೂ ಭಾರತದ ಗಾಜಿನ ಮಣಿಗಳೂ ಸಿಕ್ಕಿದವು. ಯಾರ ಜೊತೆಗೂ ಸಂಪರ್ಕ ಇಲ್ಲದ ಕಾಡು ಅಲ್ಲ ಅದು, ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಜೋಡಿಸಿಕೊಂಡ ಊರು.

ಆದರೆ ಯುರೋಪಿನಿಂದ ಬಂದವರಿಗೆ ಇದನ್ನು ಕರಿಯರು ಕಟ್ಟಿದರು ಅಂತ ಒಪ್ಪಲು ಮನಸ್ಸು ಬರಲಿಲ್ಲ. 1871ರಲ್ಲಿ ಬಂದ ಕಾರ್ಲ್ ಮಾಖ್ ಎಂಬ ಜರ್ಮನ್ ಅನ್ವೇಷಕ ಬೈಬಲ್ಲಿನಲ್ಲಿ ಬರುವ ಶೀಬಾದ ರಾಣಿಯ ಹೆಸರು ಹೇಳಿದ. ಇನ್ನು ಕೆಲವರು ಮೆಡಿಟರೇನಿಯನ್ ಕಡಲ ಹಳೆಯ ವ್ಯಾಪಾರಿಗಳಾದ ಫಿನೀಷಿಯನ್ನರು ಅಂದರು. 1905ರಲ್ಲಿ ರಾಂಡಲ್ ಮಕ್‌ಐವರ್, 1929ರಲ್ಲಿ ಗರ್‌ಟ್ರೂಡ್ ಕೇಟನ್ ಥಾಮ್ಸನ್ ಎಂಬ ಪುರಾತತ್ವ ತಜ್ಞೆ ಅಗೆದು ನೋಡಿ, ಆಫ್ರಿಕನ್ನರದ್ದೇ ಕೆಲಸ ಅಂತ ಸ್ಪಷ್ಟವಾಗಿ ಹೇಳಿದರು. ಆಮೇಲೂ ಆ ದೇಶದ, ಆಗಿನ ಹೆಸರು ರೊಡೇಷಿಯಾ, ಬಿಳಿಯರ ಸರ್ಕಾರಕ್ಕೆ ಆ ಮಾತು ಹಿಡಿಸಲಿಲ್ಲ. ತಮಾಷೆ ಅಂದರೆ, ಆ ಸೀಮೆಯನ್ನು ಬ್ರಿಟಿಷರ ವಶಕ್ಕೆ ತಂದ ಸೆಸಿಲ್ ರೋಡ್ಸ್ ಅಂಥದ್ದೊಂದು ಹಕ್ಕಿಯನ್ನು ಕೊಂಡು ಕೇಪ್‌ಟೌನಿನ ತನ್ನ ಮನೆಯಲ್ಲಿಟ್ಟುಕೊಂಡಿದ್ದ. ಮೆಟ್ಟಿಲ ಕಂಬಕ್ಕೂ ಅದರ ನಕಲು ಕೆತ್ತಿಸಿದ್ದ. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಅವನ ಹೆಸರಿನ ರೊಡೇಷಿಯಾ ಹೋಯಿತು, ಆ ಹಾಳೂರಿನ ಹೆಸರೇ ದೇಶಕ್ಕೆ ಬಂತು. ಹಕ್ಕಿ ಬಾವುಟ ಏರಿತು. ಇಷ್ಟೆಲ್ಲ ಆದ ಮೇಲೆ, ಕಟ್ಟಿದವರ ಹೆಸರು ಅಳಿಸಲು ಅಷ್ಟು ಕಾಲ ಪ್ರಯತ್ನ ನಡೆದ ಮೇಲೆ, ಹೆಸರಿಲ್ಲದೆ ಆ ಹಕ್ಕಿಯನ್ನು ಅಚ್ಚು ಹಾಕುವುದು ನನಗೆ ಸರಿಕಾಣುವುದಿಲ್ಲ.

ಕತ್ತು ತಿರುಗಿಸಿದ ಹಕ್ಕಿ ಸಂಕೋಫ. ಘಾನಾದ ಅಕಾನ್ ಜನರದ್ದು. ಮರೆತು ಬಂದದ್ದನ್ನು ಹಿಂದೆ ಹೋಗಿ ತರುವುದರಲ್ಲಿ ನಾಚಿಕೆ ಇಲ್ಲ ಎಂಬ ಅವರ ಗಾದೆಯ ಚಿತ್ರ. ಇದರ ಅರ್ಥ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡಿ. ನನಗೆ ಕುತೂಹಲ ಇದನ್ನು ಅಚ್ಚು ಹಾಕುವ ರೀತಿಯಲ್ಲಿ. ಅಡಿಂಕ್ರ ಅನ್ನುತ್ತಾರೆ ಈ ಬಟ್ಟೆಗೆ. ಕುಮಾಸಿ ನಗರದ ಹತ್ತಿರ ಎನ್‌ಟೊನ್ಸೊ ಅಂತ ಊರಿದೆ, ಅಲ್ಲಿ ಈಗಲೂ ಮಾಡುತ್ತಾರೆ. ಒಣಗಿದ ಸೋರೆಬುರುಡೆಯ ತುಂಡಿನಲ್ಲಿ ಚಿಹ್ನೆ ಕೊರೆಯುತ್ತಾರೆ. ಒಂದು ಮರದ ತೊಗಟೆಯನ್ನು ನೆನೆಸಿ, ಕುಟ್ಟಿ, ಗಂಟೆಗಟ್ಟಲೆ ಕುದಿಸುತ್ತಾರೆ. ಗಟ್ಟಿ ಕಪ್ಪು ರಸ ಬರುತ್ತದೆ. ಬುರುಡೆಯ ಮೈ ತಾನೇ ಬಾಗಿರುತ್ತದಲ್ಲ, ಅದನ್ನು ಅದ್ದಿ ಬಟ್ಟೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿಸಿದ ಹಾಗೆ ಒತ್ತುತ್ತಾರೆ. ಬಣ್ಣ ಸಮವಾಗಿ ಕೂರುತ್ತದೆ. ಮರದ ಅಚ್ಚಿನಲ್ಲಿ ನಾವು ಪಡುವ ಪಾಡು ಅವರಿಗಿಲ್ಲ! ಮುಖ್ಯವಾಗಿ ಇದು ಸಾವಿನ ಮನೆಗೆ ಉಡುವ ಬಟ್ಟೆಯಾಗಿತ್ತು. ಉಳಿದಿರುವ ಹಳೆಯ ಅಡಿಂಕ್ರ ಬಟ್ಟೆಗಳಲ್ಲಿ ಒಂದು 1817ರಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು. ಘಾನಾ 2005ರ ತನ್ನ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಜಾನಪದ ವಿನ್ಯಾಸಗಳಿಗೂ ರಕ್ಷಣೆ ಕೊಟ್ಟಿದೆ. ಆದರೆ ಘಾನಾದ ಕಾನೂನು ಘಾನಾದ ಗಡಿಯ ತನಕ. ಬೇರೆ ದೇಶದ ಫ್ಯಾಕ್ಟರಿಗೆ ಅದರ ಹಂಗಿಲ್ಲ.

ಇನ್ನು ಅಂಚು. ನೋಡಿದ ಕೂಡಲೇ ಆಫ್ರಿಕಾ ಅನ್ನಿಸುವುದು ಇದೇ ಅಲ್ವಾ? ಕಿತ್ತಳೆ, ನೀಲಿ, ದೊಡ್ಡ ದೊಡ್ಡ ವೃತ್ತ, ಬಣ್ಣ ಬಿರುಕು ಬಿಟ್ಟಂಥ ಗೆರೆ. ಚೀಲದ ಮೇಲಿರುವುದರಲ್ಲಿ ಅತಿ ಹೊಸದು ಇದು. ಇದು ವ್ಯಾಕ್ಸ್ ಪ್ರಿಂಟ್. ಜಾವಾದ ಬಾಟಿಕ್ ಬಟ್ಟೆಯನ್ನು ಡಚ್ಚರು ಯಂತ್ರದಲ್ಲಿ ನಕಲು ಮಾಡಲು ಹೋದರು. ಬಣ್ಣ ಹತ್ತದಿರಲಿ ಅಂತ ಹಚ್ಚಿದ ರಾಳ ಒಡೆದು ಬಟ್ಟೆಯ ಮೇಲೆ ಬಿರುಕಿನ ಗೆರೆ ಮೂಡುತ್ತಿತ್ತು. ಜಾವಾದವರು ಅದನ್ನು ಒಪ್ಪಲಿಲ್ಲ. 19ನೇ ಶತಮಾನದ ಕೊನೆಗೆ ಪಶ್ಚಿಮ ಆಫ್ರಿಕಾದ ಪೇಟೆಯಲ್ಲಿ ಅದೇ ಬಟ್ಟೆ ಓಡಿತು. 1846ರಲ್ಲಿ ನೆದರ್‌ಲೆಂಡ್ಸ್‌ನ ಹೆಲ್ಮಂಡ್ ಊರಿನಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಇವತ್ತಿಗೂ ಅದನ್ನೇ ಮಾಡುತ್ತಿದೆ. ಅಗ್ಗದ ಮಾಲು ಈಗ ಹೆಚ್ಚಾಗಿ ಚೀನಾದಿಂದ ಬರುತ್ತದೆ.

ಹಾಗಾದರೆ ಇದು ಆಫ್ರಿಕಾದ್ದಲ್ಲವೇ ಅಂತ ನೀವು ಕೇಳಬಹುದು. ನಾನು ಆಫ್ರಿಕಾದ್ದೇ ಅನ್ನುತ್ತೇನೆ. ಯಾವ ಡಿಸೈನ್ ಓಡಬೇಕು, ಯಾವುದಕ್ಕೆ ಏನು ಹೆಸರು, ಯಾವುದನ್ನು ಮದುವೆಗೆ ಉಡಬೇಕು ಅಂತ ತೀರ್ಮಾನ ಮಾಡಿದವರು ಅಲ್ಲಿನ ಹೆಂಗಸರು, ಅಲ್ಲಿನ ವ್ಯಾಪಾರಗಾತಿಯರು. ನೈಜೀರಿಯಾದ ಕಲಬಾರಿ ಜನರು ನಮ್ಮ ಮದ್ರಾಸಿನ ಚೌಕಳಿ ಬಟ್ಟೆಯನ್ನು ತಲೆತಲಾಂತರದಿಂದ ಉಡುತ್ತಾರೆ. ಅದನ್ನೂ ಬಂದ ಹಾಗೇ ಉಡುವುದಿಲ್ಲ. ಬ್ಲೇಡಿನಿಂದ ಬೇಕಾದ ನೂಲುಗಳನ್ನಷ್ಟೇ ಕತ್ತರಿಸಿ ಎಳೆದು ತೆಗೆದು, ಅದೇ ಬಟ್ಟೆಯಲ್ಲಿ ಹೊಸ ವಿನ್ಯಾಸ ಹುಟ್ಟಿಸುತ್ತಾರೆ. ಅಷ್ಟು ತಾಳ್ಮೆಯ ಕೆಲಸ ಮಾಡಿದವರಿಗೆ ಆ ಬಟ್ಟೆ ಸ್ವಂತದ್ದಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸ್ವಂತದ್ದು, ಆದರೆ ಪ್ರಾಚೀನವಲ್ಲ.

ಹೆಸರು ಹಾಕಿದರೆ ಖರ್ಚು ಜಾಸ್ತಿ ಆಗುವುದಿಲ್ಲವೇ ಅಂತ ವ್ಯಾಪಾರದವರು ಕೇಳುತ್ತಾರೆ. ಆಗುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಖರ್ಚು ಏರುವುದು ಬಣ್ಣದ ಲೆಕ್ಕದಲ್ಲಿ. ಒಂದು ಬಣ್ಣಕ್ಕೆ ಒಂದು ಸ್ಕ್ರೀನು. ಈ ಚೀಲದಲ್ಲಿ ಕಪ್ಪು ಬಣ್ಣ ಹೇಗೂ ಇದೆ. ಅದೇ ಸ್ಕ್ರೀನಿನಲ್ಲಿ ಪಿರಮಿಡ್ಡಿನ ಕೆಳಗೆ 'ಮೆರೊಯೆ, ಸುಡಾನ್' ಅಂತ, ಮುಖದ ಕೆಳಗೆ 'ಇಡಿಯಾ, ಬೆನಿನ್ ಸಿಟಿ, 16ನೇ ಶತಮಾನ' ಅಂತ ಸೇರಿಸಿದರೆ ಒಂದು ಪೈಸೆ ಹೆಚ್ಚಿಗೆ ಬೀಳುವುದಿಲ್ಲ. ಅಕ್ಷರ ಬಟ್ಟೆಗೆ ತಕ್ಕಷ್ಟು ದಪ್ಪ ಇರಬೇಕು, ಅಷ್ಟೇ. ಡಿಸೈನ್ ಕೆಟ್ಟುಹೋಗುತ್ತದೆ ಅನ್ನುವವರಿಗೆ ಚೀಲದ ಹಿಂಬದಿ ಪೂರ್ತಿ ಖಾಲಿ ಬಿದ್ದಿದೆ.

ಮುಂದಿನ ಸಾಲಿನಲ್ಲಿ ಒಬ್ಬರು ಚೀಟಿ ಕೊಟ್ಟಿದ್ದಾರೆ. ನಮ್ಮ ಉತ್ತರ ಕನ್ನಡದ ಸಿದ್ದಿಯರ ಚಿತ್ರವನ್ನೂ ಇಂಥ ಚೀಲದ ಮೇಲೆ ಹಾಕಬಹುದಲ್ಲ ಅಂತ. ಒಳ್ಳೆಯ ಪ್ರಶ್ನೆ, ಆದರೆ ನಾನು ಸ್ವಲ್ಪ ಹಿಂಜರಿಯುತ್ತೇನೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು ನಿಜ. ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್‌ನಂಥ ಆಫ್ರಿಕಾ ಮೂಲದವರು ದೊಡ್ಡ ಅಧಿಕಾರದಲ್ಲೂ ಇದ್ದರು. ಹಾಗಂತ ಯಲ್ಲಾಪುರದ ಸಿದ್ದಿ ಹುಡುಗಿಯ ತಲೆಯ ಮೇಲೆ ಬೆನಿನ್ನಿನ ಮುಖ ಕೂರಿಸಿದರೆ ಅದು ಅವಳಿಗೂ ಸಂಬಂಧವಿಲ್ಲ, ಬೆನಿನ್ನಿಗೂ ಸಂಬಂಧವಿಲ್ಲ. ಅವರು ತಲೆಮಾರುಗಳಿಂದ ಇಲ್ಲಿನವರು, ಕನ್ನಡ, ಕೊಂಕಣಿ ಆಡುವವರು.

ಅವರದ್ದೇ ಆದ ಬಟ್ಟೆಯ ಕೆಲಸ ಒಂದಿದೆ, ಕೌದಿ. ಕೌದಿ ನಮ್ಮಲ್ಲಿ ಬಹಳ ಕಡೆ ಹೊಲಿಯುತ್ತಾರೆ, ಸಿದ್ದಿ ಹೆಂಗಸರ ಕೈಯಲ್ಲಿ ಅದರ ಗತ್ತೇ ಬೇರೆ. ಹಳೆಯ ಸೀರೆ, ಅಂಗಿಗಳ ತುಂಡನ್ನು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಪುಟ್ಟ ಬಟ್ಟೆಯ ತ್ರಿಕೋನ ಇಟ್ಟು ಹೊಲಿಯುತ್ತಾರೆ, ಅದಕ್ಕೆ ಫುಲ ಅಂತ ಹೆಸರು. ಫುಲ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದಿಲ್ಲ. ಅದರ ಫೋಟೋ ತೆಗೆದು ನಾನು ಚೀಲದ ಮೇಲೆ ಪ್ರಿಂಟ್ ಹೊಡೆದರೆ ಲಾಭ ನನಗೆ. ನಿಮಗೆ ಬೇಕಿದ್ದರೆ ಹೊಲಿದವರ ಹತ್ತಿರವೇ ಕೌದಿ ಕೊಳ್ಳಿ, ಹೊಲಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಕೈಯಲ್ಲಿ ಒಂದೊಂದೇ ಹೊಲಿಗೆ ಹಾಕಿ ಮಾಡುವ ಕೆಲಸ ಅದು, ದಯವಿಟ್ಟು ಚೌಕಾಸಿಗೆ ಇಳಿಯಬೇಡಿ.